ಫ್ರಾನ್ಸಿನ ವಾರದ ಸಂತೆಗೆ ಹೋಗುವ ಬೆಂಗಳೂರಿನವರಿಗೆ

ಮಗನೋ ಮಗಳೋ ಫ್ರಾನ್ಸಿನಲ್ಲಿದ್ದಾರೆ, ಸ್ವಲ್ಪ ದಿನ ಇದ್ದು ಬರೋಣ ಅಂತ ಹೊರಟಿದ್ದೀರಾ? ಐಫೆಲ್ ಟವರ್ ಹೇಗೂ ನೋಡುತ್ತೀರಿ. ಒಂದು ಬೆಳಿಗ್ಗೆಯನ್ನು ಅಲ್ಲಿನ ವಾರದ ಸಂತೆಗೆ ಅಂತಲೇ ಎತ್ತಿಡಿ. ನನ್ನ ಮಗಳು ಇರುವುದು ದಕ್ಷಿಣದ ನೀಮ್ ಊರಿನಲ್ಲಿ. ಅಲ್ಲಿಗೆ ಹೋದಾಗಲೆಲ್ಲ ಶನಿವಾರ ಪಕ್ಕದ ಯುಝೆಸ್ ಸಂತೆಗೆ ಹೋಗುತ್ತೇವೆ. ನೀಮ್‌ನಿಂದಲೂ ಆವಿನ್ಯೋನಿನಿಂದಲೂ ಬಸ್ಸಿದೆ.

ಮೊದಲು ವಾರ ಯಾವುದು ಅಂತ ವಿಚಾರಿಸಿಕೊಳ್ಳಿ. ಊರಿಗೊಂದು ದಿನ ಇರುತ್ತದೆ. ಯುಝೆಸ್‌ನಲ್ಲಿ ಶನಿವಾರದ್ದು ದೊಡ್ಡ ಸಂತೆ. ಬುಧವಾರದ್ದು ಚಿಕ್ಕದು, ಸುತ್ತಲಿನ ರೈತರದ್ದೇ ಜಾಸ್ತಿ. ಜಾಗ ಪ್ಲಾಸ್ ಒ ಝೆರ್ಬ್ ಎನ್ನುವ ಹಳೇ ಚೌಕ. ಸುತ್ತ ಕಲ್ಲಿನ ಕಮಾನುಗಳು, ಮಧ್ಯೆ ಕಾರಂಜಿ, ತಲೆಯ ಮೇಲೆ ಪ್ಲೇನ್ ಎನ್ನುವ ಜಾತಿಯ ದೊಡ್ಡ ಮರಗಳ ನೆರಳು. ಬೆಳಿಗ್ಗೆ 9ರೊಳಗೆ ಅಲ್ಲಿರಿ. ಮಧ್ಯಾಹ್ನ 1ರ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಾರೆ. ಗಾಂಧಿಬಜಾರಿನ ಹಾಗೆ ಸಂಜೆ ದೇವಸ್ಥಾನಕ್ಕೆ ಹೋಗಿ ಬರುವಾಗ ತಂದರಾಯ್ತು ಅನ್ನುವ ಹಾಗಿಲ್ಲ. ಬಟ್ಟೆ ಚೀಲ, ಚಿಲ್ಲರೆ ಎರಡೂ ಜೊತೆಗಿರಲಿ. ತರಕಾರಿ ಹಾಕಿಕೊಡುವ ತೆಳು ಪ್ಲಾಸ್ಟಿಕ್ ಕವರ್ 2017ರಿಂದ ಅಲ್ಲಿ ನಿಷೇಧ.

ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ಸುಮ್ನೆ ಬೋರ್ಡುಗಳನ್ನು ಓದುತ್ತಾ ಹೋಗಿ. ಬೆಲೆಯ ಜೊತೆಗೆ ಹಣ್ಣು, ತರಕಾರಿ ಎಲ್ಲಿಯದು ಅಂತಲೂ ಬರೆದಿರಲೇಬೇಕು, ಅದು ಕಾನೂನು. ಬೆಳೆದವರೇ ಮಾರುತ್ತಿದ್ದರೆ 'ಪ್ರೊಡ್ಯುಕ್ತರ್' ಎಂಬ ಬೋರ್ಡ್ ಹಾಕಿರುತ್ತಾರೆ. ಬೋರ್ಡ್ ಕಾಣದಿದ್ದರೂ ಗುರುತು ಸಿಗುತ್ತದೆ. ಮಾವು, ಅನಾನಸ್, ಸೇಬು ಎಲ್ಲ ಒಟ್ಟಿಗೆ ಜೋಡಿಸಿಟ್ಟಿದ್ದರೆ ಅದು ಸಗಟು ಮಂಡಿಯಿಂದ ಬಂದ ಮಾಲು. ನಾಲ್ಕೇ ಬಗೆ ಇಟ್ಟುಕೊಂಡು, ಮಣ್ಣು ಪೂರ್ತಿ ಹೋಗದ ಗೆಡ್ಡೆಗಳ ಹಿಂದೆ ನಿಂತವರ ಹತ್ತಿರ ಹೋಗಿ.

ಹೋದ ತಕ್ಷಣ ನಮಸ್ಕಾರ ಹೇಳಿ, ಹೆಂಗಸಾದರೆ 'ಬೋಂಝೂರ್ ಮದಾಮ್', ಗಂಡಸಾದರೆ 'ಬೋಂಝೂರ್ ಮೆಸ್ಯೂ' ಅನ್ನಿ. ಇದನ್ನು ಬಿಟ್ಟು ನೇರವಾಗಿ 'ಎಷ್ಟು?' ಅಂದರೆ ಒರಟುತನ ಅಂದುಕೊಳ್ಳುತ್ತಾರೆ.

ಇನ್ನು ಕೈ. ನಾವು ಬೆಂಡೆಕಾಯಿ ತುದಿ ಮುರಿದು ನೋಡಿ, ಸೋರೆಕಾಯಿಗೆ ಉಗುರು ಚುಚ್ಚಿ ಬೆಳೆದವರು. ಅಲ್ಲಿ ಬಹಳಷ್ಟು ಅಂಗಡಿಗಳಲ್ಲಿ ಹಾಗೆ ಮುಟ್ಟುವಂತಿಲ್ಲ, ಅವರೇ ಆರಿಸಿ ಕೊಡುತ್ತಾರೆ. ನಮಗೆ ಇದು ಕಷ್ಟ, ಅಲ್ವಾ? ಆದರೆ ಸಂತೆಯ ಸೊಗಸೆಲ್ಲ ಇರುವುದೇ ಇಲ್ಲಿ. ನೀವು ಹೇಳಬೇಕಾದದ್ದು ಹಣ್ಣು ಹೇಗಿರಬೇಕು ಅಂತಲ್ಲ, ಯಾವಾಗ ತಿನ್ನುತ್ತೀರಿ ಅಂತ. 'ಪೂರ್ ಮಿದಿ' ಅಂದರೆ ಇವತ್ತು ಮಧ್ಯಾಹ್ನಕ್ಕೆ. 'ಪೂರ್ ದ್ಮೆಂ' ಅಂದರೆ ನಾಳೆಗೆ. ಜುಲೈ, ಆಗಸ್ಟಿನಲ್ಲಿ ಮೆಲನ್ ಹಣ್ಣು, ಅಂದರೆ ನಮ್ಮ ಕರಬೂಜದ ಜಾತಿಯದು, ಕೇಳಿ ನೋಡಿ. ಮಾರುವಾಕೆ ಒಂದೊಂದನ್ನೇ ಎತ್ತಿ ಅಂಗೈಯಲ್ಲಿ ತೂಗುತ್ತಾಳೆ. ತೊಟ್ಟಿನ ಸುತ್ತ ಬಿರುಕು ಬಿಟ್ಟಿದೆಯಾ ಅಂತ ಹೆಬ್ಬೆರಳಾಡಿಸುತ್ತಾಳೆ. ತಿರುಗಿಸಿ ಅಡಿಭಾಗ ಮೂಸುತ್ತಾಳೆ. ಎರಡು ಬದಿಗಿಟ್ಟು, ಮೂರನೆಯದನ್ನು ನಿಮ್ಮ ಕೈಗೆ ಕೊಡುತ್ತಾಳೆ. ಮಧ್ಯಾಹ್ನಕ್ಕೆ ಒಂದು, ಸೋಮವಾರಕ್ಕೆ ಒಂದು ಅಂದರೆ ಎರಡನ್ನೂ ಬೇರೆ ಬೇರೆ ನೋಡಿಯೇ ಆರಿಸುತ್ತಾಳೆ. ಹಿಂದೆ ಕ್ಯೂ ಎಷ್ಟೇ ಉದ್ದವಿರಲಿ, ಯಾರೂ ಗೊಣಗುವುದಿಲ್ಲ. ನಿಮ್ಮ ಸರದಿಯಲ್ಲಿ ನೀವೂ ಅವಸರ ಮಾಡಬೇಡಿ.

ಚೌಕಾಸಿ ಬೇಡ. ಆದರೆ ಕೊಸರು ಸಿಗುತ್ತದೆ. ಚೆನ್ನಾಗಿ ಕೊಂಡವರ ಚೀಲಕ್ಕೆ ಕೇಳದೇ ಒಂದು ಹಿಡಿ ಪಾರ್ಸ್ಲಿ ಸೊಪ್ಪು ಬೀಳುವುದುಂಟು. ಅರ್ಧ ಕೆಜಿ ಬೇಕಿದ್ದರೆ 'ಯೂನ್ ಲೀವ್ರ್' ಅನ್ನಿ.

ಚೀಸ್ ಅಂಗಡಿಯಲ್ಲಿ ಪೆಲಾರ್ದೋನ್ ಕೇಳಿ. ಸೆವೆನ್ (Cévennes) ಎಂಬ ಬೆಟ್ಟಸಾಲಿನ ಕಡೆಯ ಮೇಕೆ ಹಾಲಿನದು, ಅಂಗೈಯಷ್ಟೂ ಇಲ್ಲದ ಬಿಲ್ಲೆ. ತಾಜಾ ಇದ್ದಾಗ ಮೆತ್ತಗೆ, ಹಾಲಿನ ವಾಸನೆ. ಒಣಗಿಸಿದ್ದಾದರೆ ಗಟ್ಟಿ, ಘಾಟು. ಕೇಳಿದರೆ ಚೂರು ರುಚಿಗೆ ಕೊಡುತ್ತಾರೆ. ಸಸ್ಯಾಹಾರಿಗಳು ಇಲ್ಲಿ ಎಚ್ಚರವಾಗಿರಬೇಕು. ಅಲ್ಲಿನ ಬಹಳಷ್ಟು ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಯಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಪದಾರ್ಥ ಹಾಕುತ್ತಾರೆ. ಮಕ್ಕಳಿಂದ ವಿಚಾರಿಸಿಯೇ ಬಾಯಿಗಿಡಿ.

ಏಪ್ರಿಲ್, ಮೇ ಆದರೆ ಆಸ್ಪರಾಗಸ್. ಜೂನ್ ಆದರೆ ಚೆರ್ರಿ. ಜೂನ್ 24ಕ್ಕೆ ಯುಝೆಸ್‌ನಲ್ಲಿ ಬೆಳ್ಳುಳ್ಳಿ ಜಾತ್ರೆಯೇ ನಡೆಯುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಅಂಜೂರ, ಮತ್ತೆ ಸೆವೆನ್‌ನ ಸಿಹಿ ಈರುಳ್ಳಿ. ಇದನ್ನು ಬಿಡಲೇಬೇಡಿ. ಕಣ್ಣೀರು ಬರಿಸದ ಈರುಳ್ಳಿ, ಹಸಿಯಾಗಿಯೇ ಮೊಸರುಬಜ್ಜಿಗೆ ಹೇಳಿ ಮಾಡಿಸಿದ್ದು. ಹುರುಳಿಕಾಯಿ ಎಳೆಯದು, ತೆಳ್ಳಗಿನದು ಸಿಗುತ್ತದೆ. ನಾರು ತೆಗೆಯುವ ಕೆಲಸವೇ ಇಲ್ಲ. ಪಲ್ಯ ಮಾಡಿದರೆ ಬೇಗ ಬೇಯುತ್ತದೆ, ಒಲೆ ಮುಂದೆಯೇ ನಿಂತಿರಿ. ಬೆಂಗಳೂರಿನಿಂದ ಸಾರಿನ ಪುಡಿ ಒಯ್ದಿದ್ದರೆ ಅಲ್ಲಿನ ಹಣ್ಣಾದ ಟೊಮೇಟೊದಲ್ಲಿ ಒಂದು ತಿಳಿಸಾರು ಮಾಡಿ, ಹುಣಸೆಹಣ್ಣು ಬೇಕಾಗುವುದಿಲ್ಲ. ಮಧ್ಯಾಹ್ನಕ್ಕೆ ಅಂತ ತಂದ ಮೆಲನ್ ಮಾತ್ರ ಅವತ್ತೇ ಕೊಯ್ದುಬಿಡಿ, ಮರುದಿನಕ್ಕೆ ಇಡಬೇಡಿ.