ಕಾರಿನ ಟೈರಿಗೆ ಎಷ್ಟು ಗಾಳಿ ಬೇಕು? ಅಂಕಿ ಇರುವುದು ಬಾಗಿಲ ಬಳಿ

ಟೈರಿನ ಬದಿಯಲ್ಲಿ ಅಚ್ಚಾಗಿರುವ ಒತ್ತಡದ ಅಂಕಿಯನ್ನೇ ನೋಡಿ ಅಷ್ಟು ಗಾಳಿ ತುಂಬಿಸುವವರು ಬಹಳ ಮಂದಿ ಇದ್ದಾರೆ. ಆ ಅಂಕಿ ಟೈರಿಗೆ ಅನುಮತಿಸಿರುವ ಗರಿಷ್ಠ ಒತ್ತಡವನ್ನು ಹೇಳುತ್ತದೆಯೇ ಹೊರತು ನಿಮ್ಮ ಕಾರಿಗೆ ಬೇಕಾದ ಒತ್ತಡವನ್ನಲ್ಲ. ಒಂದೇ ಅಳತೆಯ ಟೈರು ಹಗುರವಾದ ಕಾರಿಗೂ ಭಾರವಾದ ಕಾರಿಗೂ ಹೊಂದುವುದರಿಂದ, ಅದು ಯಾವ ಗಾಡಿಯ ಭಾರ ಹೊರಲಿದೆ ಎಂಬುದು ಟೈರು ತಯಾರಿಸಿದವರಿಗೆ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಕಾರು ತಯಾರಿಸಿದವರಿಗೆ. ಆದ್ದರಿಂದ ಸರಿಯಾದ ಅಂಕಿಯನ್ನು ಅವರು ಬರೆದಿಟ್ಟ ಜಾಗದಲ್ಲೇ ಹುಡುಕಬೇಕು.

ಮೊದಲು ಚಾಲಕನ ಬಾಗಿಲನ್ನು ಪೂರ್ತಿ ತೆರೆಯಿರಿ. ಬಾಗಿಲು ಬಂದು ಕೂರುವ ಕಂಬದ ಮೇಲೆ ಅಥವಾ ಬಾಗಿಲಿನ ಅಂಚಿನಲ್ಲಿ ಚಿಕ್ಕದೊಂದು ಚೀಟಿ ಅಂಟಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಅದು ಇಂಧನ ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿರುತ್ತದೆ. ಚೀಟಿ ಹರಿದುಹೋಗಿದ್ದರೆ ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಅದೇ ಮಾಹಿತಿ ಸಿಗುತ್ತದೆ. ಅಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಅಂಕಿಗಳಿರಬಹುದು. ಇಬ್ಬರು ಮೂವರು ಕುಳಿತಾಗ ಎಷ್ಟು, ಆಸನಗಳೆಲ್ಲ ತುಂಬಿ ಡಿಕ್ಕಿಯಲ್ಲಿ ಸಾಮಾನೂ ಇದ್ದಾಗ ಎಷ್ಟು ಎಂದು ಎರಡು ಸಾಲುಗಳಿರುವುದೂ ಉಂಟು. ದೂರದ ಪ್ರಯಾಣಕ್ಕೆ ಗಾಡಿ ತುಂಬಿಸಿ ಹೊರಡುವವರು ಈ ಎರಡನೆಯ ಸಾಲನ್ನು ಗಮನಿಸುವುದೇ ಇಲ್ಲ. ಅದು ಸಾಮಾನ್ಯವಾಗಿ ಹಿಂದಿನ ಚಕ್ರಗಳಿಗೆ ಇನ್ನೂ ಹೆಚ್ಚು ಗಾಳಿ ಕೇಳುತ್ತದೆ. ಅಂಕಿ ಯಾವ ಮಾನದಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ: 1 ಬಾರ್ ಎಂದರೆ 100 ಕಿಲೋಪಾಸ್ಕಲ್, ಅಂದರೆ ಸುಮಾರು 14.5 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಲೆಕ್ಕ).

ಇನ್ನು ಅಳೆಯುವ ಹೊತ್ತು. ನನ್ನ ಪ್ರಕಾರ ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ. ಚೀಟಿಯಲ್ಲಿರುವುದು ಟೈರು ತಣ್ಣಗಿರುವಾಗಿನ ಒತ್ತಡ. ಗಾಡಿ ಕನಿಷ್ಠ ಮೂರು ಗಂಟೆ ನಿಂತಿದ್ದರೆ, ಅಥವಾ ಆ ಬಳಿಕ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರದಿದ್ದರೆ, ಟೈರು ತಣ್ಣಗಿದೆ ಎಂದು ತಿಳಿಯಬಹುದು. ಓಡುವಾಗ ರಬ್ಬರು ಪ್ರತಿ ಸುತ್ತಿನಲ್ಲೂ ಬಾಗಿ ನೆಟ್ಟಗಾಗುತ್ತ ಬಿಸಿಯಾಗುತ್ತದೆ, ಒಳಗಿನ ಗಾಳಿಯೂ ಕಾದು ಒತ್ತಡ ನಾಲ್ಕೈದು ಪಿಎಸ್‌ಐ ಏರಬಹುದು. ಚೀಟಿಯಲ್ಲಿ 33 ಎಂದಿದ್ದು, ಹೆದ್ದಾರಿಯಿಂದ ಆಗತಾನೆ ಇಳಿದ ಗಾಡಿಯ ಟೈರು 37 ತೋರಿಸಿತೆಂದು ಗಾಳಿ ಬಿಟ್ಟು 33ಕ್ಕೆ ತಂದರೆ, ಮರುದಿನ ಬೆಳಿಗ್ಗೆ ಅದು 29ರ ಆಸುಪಾಸಿನಲ್ಲಿರುತ್ತದೆ. ಬಿಸಿ ಟೈರಿನ ಗಾಳಿಯನ್ನು ಎಂದೂ ಬಿಡಬಾರದು. ದಾರಿ ನಡುವೆ ಒತ್ತಡ ಕಡಿಮೆಯಿದೆ ಎಂದು ಕಂಡರೆ, ಚೀಟಿಯ ಅಂಕಿಗಿಂತ ಸುಮಾರು 4 ಪಿಎಸ್‌ಐ ಹೆಚ್ಚಾಗಿ ತುಂಬಿಸಿ, ಟೈರು ತಣಿದ ಮೇಲೆ ಮತ್ತೊಮ್ಮೆ ಅಳೆದು ಸರಿಪಡಿಸುವುದು ಕ್ಷೇಮ.

ಹವಾಮಾನವೂ ಇದೇ ರೀತಿ ಕೆಲಸ ಮಾಡುತ್ತದೆ. ಉಷ್ಣಾಂಶ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. 35 ಡಿಗ್ರಿ ಸೆಖೆಯಲ್ಲಿ 33 ಪಿಎಸ್‌ಐ ತುಂಬಿಸಿದ ಟೈರು, ಗಾಳಿ ಒಂದಿಷ್ಟೂ ಸೋರದಿದ್ದರೂ, 15 ಡಿಗ್ರಿಯ ಚಳಿಗೆ 30ಕ್ಕೆ ಇಳಿದಿರುತ್ತದೆ. ಇದರ ಜೊತೆಗೆ ಯಾವ ತೂತೂ ಇಲ್ಲದ ಟೈರಿನಿಂದಲೂ ರಬ್ಬರಿನ ಮೂಲಕವೇ ತಿಂಗಳಿಗೆ ಸುಮಾರು 1 ಪಿಎಸ್‌ಐ ಹೊರಹೋಗುತ್ತದೆ. ತಿಂಗಳಿಗೊಮ್ಮೆ ಅಳೆಯಬೇಕು ಎನ್ನುವುದು ಇದಕ್ಕಾಗಿಯೇ.

ಅಳೆಯುವುದಕ್ಕೆ ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು. ಟೈರು ತಣ್ಣಗಿರುವುದು ಮನೆಯಲ್ಲಿ ನಿಂತಾಗ ತಾನೇ. ವಾಲ್ವಿನ ಮುಚ್ಚಳ ತಿರುಗಿಸಿ ತೆಗೆದು ಜೇಬಿನಲ್ಲಿಟ್ಟುಕೊಂಡು, ಗೇಜಿನ ಬಾಯಿಯನ್ನು ವಾಲ್ವಿಗೆ ಓರೆಯಾಗದಂತೆ ನೇರವಾಗಿ ಒತ್ತಿ. ಮೊದಲಿಗೆ ಕ್ಷಣಮಾತ್ರ ಬುಸ್ಸೆನ್ನುವುದು ಸಹಜ. ಸದ್ದು ನಿಲ್ಲದಿದ್ದರೆ ಹಿಡಿತ ಓರೆಯಾಗಿದೆ ಎಂದರ್ಥ, ಆಗ ತೋರುವ ಅಂಕಿಯನ್ನು ನಂಬದೆ ಮತ್ತೆ ಒತ್ತಿ ನೋಡಬೇಕು. ಮುಚ್ಚಳ ಹಾಕುವ ಮುನ್ನ ವಾಲ್ವಿನ ತುದಿಗೆ ಒಂದು ಹನಿ ಸೋಪಿನ ನೀರು ಬಿಟ್ಟು ಗುಳ್ಳೆ ಏಳುವುದೇ ಎಂದು ನೋಡಿದರೆ ಸಣ್ಣ ಸೋರಿಕೆಯೂ ಸಿಕ್ಕಿಬೀಳುತ್ತದೆ. ಕಣ್ಣಳತೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ: ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿರುವ ರೇಡಿಯಲ್ ಟೈರು ಸರಿಯಾದ ಒತ್ತಡದಲ್ಲೂ ತಳದಲ್ಲಿ ಸ್ವಲ್ಪ ಉಬ್ಬಿಯೇ ಕಾಣುತ್ತದೆ.

ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಇದೆಯಲ್ಲ ಎನ್ನುವವರು ಅದು ಯಾವಾಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ತಿಳಿದಿರಬೇಕು. ಅಮೆರಿಕದ ನಿಯಮದಂತೆ, ಒತ್ತಡ ಶಿಫಾರಸಿಗಿಂತ ಶೇ 25ರಷ್ಟು ಕುಸಿಯುವ ಹೊತ್ತಿಗೆ ದೀಪ ಉರಿಯಬೇಕು. ಅಂದರೆ 33 ಇರಬೇಕಾದ ಟೈರು 25ರ ಹತ್ತಿರ ಬರುವ ತನಕ ಅದು ಸುಮ್ಮನಿದ್ದರೂ ನಿಯಮ ಮುರಿದಂತಾಗುವುದಿಲ್ಲ. ಆ ವೇಳೆಗೆ ಟೈರಿನ ಬದಿ ಮಿತಿಮೀರಿ ಬಾಗುತ್ತಿರುತ್ತದೆ, ಇಂಧನದ ಖರ್ಚು ಏರಿರುತ್ತದೆ. ಭಾರ ಹೊತ್ತು ವೇಗವಾಗಿ ಓಡಿದರೆ ಟೈರು ಕಾದು ಒಡೆಯುವ ಅಪಾಯವೂ ಇದೆ. ಹಾಗೆಂದು ಒಂದೆರಡು ಪಿಎಸ್‌ಐ ಜಾಸ್ತಿಯೇ ಇರಲಿ ಎಂದು ಗಾಳಿ ಏರಿಸುತ್ತಲೇ ಹೋಗುವುದೂ ಸರಿಯಲ್ಲ. ಅತಿಯಾಗಿ ಬಿಗಿದ ಟೈರು ನೆಲಕ್ಕೆ ತಾಗುವ ಜಾಗ ಕುಗ್ಗುತ್ತದೆ, ಗುಂಡಿಯ ಪೆಟ್ಟು ನೇರವಾಗಿ ರಿಮ್ಮಿಗೂ ಸಸ್ಪೆನ್ಷನ್‌ಗೂ ಹೋಗುತ್ತದೆ.

ನೈಟ್ರೋಜನ್ ತುಂಬಿಸಿದರೆ ಗಾಳಿ ತುಸು ನಿಧಾನವಾಗಿ ಇಳಿಯುತ್ತದೆ, ಆದರೆ ಸಾಮಾನ್ಯ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇರುವುದರಿಂದ ತಿಂಗಳ ತಪಾಸಣೆ ಅದರಿಂದ ತಪ್ಪುವುದಿಲ್ಲ. ಸ್ಟೆಪ್ನಿಯನ್ನೂ ಅದೇ ದಿನ ಅಳೆಯಿರಿ. ತಾತ್ಕಾಲಿಕ ಬಳಕೆಗೆಂದು ಕೊಡುವ ಕಿರಿದಾದ ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕಾಗುತ್ತದೆ. ಅದರ ಮೇಲೆ ಬರೆದಿರುವುದನ್ನು ಓದಿಯೇ ತುಂಬಿಸಿ.

ಕೊನೆಗೆ, ಟೈರಿನ ಮೈಯನ್ನು ಅಡ್ಡಲಾಗಿ ಒಮ್ಮೆ ನೋಡಿ. ನಡುಭಾಗ ಮಾತ್ರ ಸವೆದಿದ್ದರೆ ಬಹುಕಾಲ ಗಾಳಿ ಹೆಚ್ಚಾಗಿತ್ತೆಂದೂ ಎರಡೂ ಅಂಚುಗಳು ಸವೆದಿದ್ದರೆ ಕಡಿಮೆಯಿತ್ತೆಂದೂ ಊಹಿಸಬಹುದು. ಒಂದೇ ಅಂಚು ಸವೆದಿದ್ದರೆ ಅದಕ್ಕೆ ಗಾಳಿ ಕಾರಣವಾಗಿರುವ ಸಾಧ್ಯತೆ ಕಡಿಮೆ, ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಾಣಿಕೆ) ಪರೀಕ್ಷಿಸಬೇಕು.