ಬರ ಯಾವಾಗ ಶುರುವಾಯಿತು?

ಕಲಾದಗಿ ಜಿಲ್ಲೆಯ 1876–78ರ ಬರದ ಕಾಗದಪತ್ರ ಹುಡುಕುವವರಿಗೆ ಬಾಗಲಕೋಟೆಗೆ ಹೋದರೆ ಸಾಲದು, ಮುಂಬೈಗೆ ಬರಬೇಕು. ಇಂದಿನ ಬಾಗಲಕೋಟೆ, ವಿಜಯಪುರಗಳು ಸೇರಿದ್ದ ಆ ಜಿಲ್ಲೆ ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು. ಕಲೆಕ್ಟರ್ ಬರೆದ ಪತ್ರ, ಅದಕ್ಕೆ ಬಂದ ಉತ್ತರ, ಆ ಉತ್ತರಕ್ಕೆ ಮತ್ತೊಬ್ಬ ಅಧಿಕಾರಿಯ ಟಿಪ್ಪಣಿ ಎಲ್ಲವೂ ಇಲ್ಲಿಗೇ ಬಂದು ಕಟ್ಟಾದವು. ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರವಿದೆ. ನನ್ನ ಪಿಎಚ್‌ಡಿಯ ಅರ್ಧ ನಡೆದದ್ದು ಅಲ್ಲಿ. ಉಳಿದರ್ಧ ಪುಣೆಯ ಮಳೆ ಅಂಕಿಗಳಲ್ಲಿ ಮತ್ತು ಕಲ್ಯಾಣ್, ಡೊಂಬಿವಲಿಯಲ್ಲಿ ಕೂಲಿಗಳು ಕೆಲಸಕ್ಕೆ ಕಾದು ನಿಲ್ಲುವ ನಾಕಾಗಳಲ್ಲಿ.

ನಾನು ಡೊಂಬಿವಲಿಯವಳು, ತವರು ಬಾದಾಮಿ ಕಡೆ. ಹೊಟ್ಟೆಪಾಡಿಗೆ ಲೆಕ್ಕಪತ್ರದ ಕೆಲಸ. ಪ್ರಬಂಧ ಬರೆಯುತ್ತಿರುವುದು ಕನ್ನಡದಲ್ಲಿ. ಇದು ಇತಿಹಾಸವೋ ಸಮಾಜಶಾಸ್ತ್ರವೋ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಪ್ರಶ್ನೆ ಮಾತ್ರ ಒಂದೇ: ಬರ ಯಾವಾಗ ಶುರುವಾಯಿತು? ಇಷ್ಟು ಸಣ್ಣ ಪ್ರಶ್ನೆ ಹಿಡಿದದ್ದಕ್ಕೆ ಕಾರಣವಿದೆ. "ಬರದ ಸಾಮಾಜಿಕ ಪರಿಣಾಮಗಳು" ಎಂದರೆ ಹವಾಮಾನದವರು ನಕ್ಕು ಸುಮ್ಮನಾಗುತ್ತಾರೆ, ಜಾನಪದದವರು ಹಾಡು ಹೇಳಲು ಶುರು ಮಾಡುತ್ತಾರೆ. "ಯಾವಾಗ ಶುರುವಾಯಿತು" ಎಂದು ಕೇಳಿದರೆ ಎಲ್ಲರೂ ಒಂದು ತಾರೀಖು ಹೇಳಲೇಬೇಕು. ಹೇಳುತ್ತಾರೆ. ಒಬ್ಬರ ತಾರೀಖು ಇನ್ನೊಬ್ಬರದಕ್ಕೆ ಕೂಡುವುದಿಲ್ಲ.

ಮೊದಲು ಮಳೆ. ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ, ಬರದ ಹಿಂದಿನ ವರ್ಷ. ಅದರ ಕೇಂದ್ರ ಕಚೇರಿ ಪುಣೆಗೆ ಬಂದದ್ದು 1928ರಲ್ಲಿ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಪುಣೆಯ ಪಾಷಾಣ್‌ನಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ ಸಿದ್ಧಪಡಿಸಿದ ಸರಣಿ: 1871ರಿಂದ ಶುರುವಾಗಿ, 306 ಮಳೆಮಾಪನ ಕೇಂದ್ರಗಳ ತಿಂಗಳವಾರು ಅಂಕಿ. ಅದನ್ನು ತೆರೆದವರ ಕಣ್ಣು ಮೊದಲು ಹೋಗುವುದು 1877ಕ್ಕೆ. ದೇಶದ ಒಟ್ಟು ಮುಂಗಾರು ಅಷ್ಟು ಕೆಳಗೆ ಇಳಿದ ವರ್ಷ ಆ ಸರಣಿಯಲ್ಲಿ ಇನ್ನೊಂದಿಲ್ಲ. ಪೆಸಿಫಿಕ್‌ನಲ್ಲಿ ಭಾರೀ ಎಲ್ ನಿನೋ, ಅಂದರೆ ಸಮುದ್ರದ ನೀರು ವಾಡಿಕೆಗಿಂತ ಬಿಸಿಯಾಗುವ ಸ್ಥಿತಿ, ಇದ್ದ ಹೊತ್ತು ಅದು. ಹಾಗಾದರೆ ಬರ ಶುರುವಾದದ್ದು 1877ರಲ್ಲಿ ಎಂದು ಬರೆದು ಮುಗಿಸಬಹುದೇ? ಕಲಾದಗಿಗೆ ಅದು ಸುಳ್ಳು. ಅಲ್ಲಿ ಮಳೆ ಕೈಕೊಟ್ಟದ್ದು ಹಿಂದಿನ ವರ್ಷ, 1876ರಲ್ಲಿ. ದಿಲ್ಲಿ, ಅವಧ್‌ಗಳನ್ನೂ ಕೂಡಿಸಿ ತೆಗೆದ ಸರಾಸರಿಗೆ ಹುನಗುಂದದ ಹೊಲ ಕಾಣುವುದಿಲ್ಲ. ಅದಕ್ಕೇ ನಾನು ದೇಶದ ಕಾಲಂ ಬಿಟ್ಟು ಉತ್ತರ ಒಳನಾಡು ಕರ್ನಾಟಕದ ಕಾಲಂ ಹಿಡಿದೆ, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳನ್ನು ಬೇರೆ ಮಾಡಿಕೊಂಡೆ. ನಮ್ಮ ಕಡೆ ಹಿಂಗಾರಿ ಜೋಳದ ಬಿತ್ತನೆ ನಿಂತಿರುವುದು ಆ ಎರಡು ತಿಂಗಳ ಮೇಲೆ. ಜೂನ್‌ನಲ್ಲಿ ಎಷ್ಟೇ ಸುರಿದರೂ ಕರಿ ಮಣ್ಣಿನ ರೈತನಿಗೆ ಅದು ಅರ್ಧ ಸಮಾಧಾನ.

ಆ ಕಾಲದ ಮಳೆಮಾಪಕ ಇರುತ್ತಿದ್ದದ್ದು ಹೆಚ್ಚಾಗಿ ತಾಲ್ಲೂಕು ಕಚೇರಿಯ ಅಂಗಳದಲ್ಲಿ ಎಂಬುದನ್ನೂ ಪಟ್ಟಿಯ ಅಂಚಿನಲ್ಲಿ ಬರೆದಿಟ್ಟೆ. ಕಚೇರಿಯ ಮೇಲೆ ಬಿದ್ದ ಮಳೆ ಹತ್ತು ಮೈಲಿ ಆಚೆ ಬಿದ್ದಿರಬೇಕೆಂದಿಲ್ಲ.

ಪತ್ರಾಗಾರದ ಕೆಲಸ ನಿಧಾನ. ಕಂದಾಯ ಇಲಾಖೆಯ ಸಂಪುಟಗಳ ಸೂಚಿ ನೋಡುವುದು, ಚೀಟಿ ಬರೆದು ಕೊಡುವುದು, ಕಾಯುವುದು. ಗುಮಾಸ್ತರ ಕೈಬರಹ ಕಣ್ಣಿಗೆ ಒಗ್ಗಲು ಸಮಯ ಬೇಕು. ಒಂದೇ ಕೈಯ ಬರಹವನ್ನು ಬಿಡದೆ ಓದಿದರೆ ಬೇಗ ಒಗ್ಗುತ್ತದೆ, ಹಾರಿ ಹಾರಿ ಓದಿದರೆ ಎಂದೂ ಇಲ್ಲ. ಊರಮಟ್ಟದ ಕುಲಕರ್ಣಿ ಕಾಗದ ಮುಟ್ಟುವವರು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿ ಕಲಿಯಲೇಬೇಕು. ಮುಂಬೈ, ಪುಣೆಯಲ್ಲಿ ಕಲಿಸುವವರು ಸಿಗುತ್ತಾರೆ, ಆ ಅನುಕೂಲ ಧಾರವಾಡದ ಗೆಳೆಯರಿಗಿಲ್ಲ ಎಂದು ನಾನು ಸ್ವಲ್ಪ ಜಂಬ ಪಡುವುದುಂಟು.

ಹೊಸಬರು ಎಡವುವುದು ದರದ ಪಟ್ಟಿಯಲ್ಲಿ. ಹಳೆಯ ವರದಿಗಳು ಜೋಳಕ್ಕೆ ಇಷ್ಟು ರೂಪಾಯಿ ಎಂದು ಬರೆಯುವುದಿಲ್ಲ, ಒಂದು ರೂಪಾಯಿಗೆ ಇಷ್ಟು ಪೌಂಡ್ ಜೋಳ ಎಂದು ಬರೆಯುತ್ತವೆ. ಅಂಕಿ ಇಳಿದರೆ ದರ ಏರಿತು ಎಂದರ್ಥ. ರೂಪಾಯಿಗೆ 60 ಪೌಂಡ್ ಇದ್ದದ್ದು 30ಕ್ಕೆ ಬಂದರೆ ದರ ಎರಡು ಪಟ್ಟು, 15ಕ್ಕೆ ಬಂದರೆ ನಾಲ್ಕು ಪಟ್ಟು. ಅಂಕಿಯನ್ನು ಹಾಗೇ ಗ್ರಾಫ್‌ಗೆ ಹಾಕಿದರೆ ಎರಡನೆಯ ಏರಿಕೆ ಮೊದಲನೆಯದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಬರ ತಣ್ಣಗಾಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಒಂದನ್ನು ಆ ಅಂಕಿಯಿಂದ ಭಾಗಿಸಿ, ಪೌಂಡಿಗೆ ಎಷ್ಟು ಎಂದು ತಿರುಗಿಸಿಕೊಂಡೇ ಗ್ರಾಫ್ ಬರೆಯಬೇಕು. ಲೆಕ್ಕಪತ್ರದವಳಾದ್ದರಿಂದ ಈ ಒಂದು ವಿಷಯದಲ್ಲಿ ಯಾರ ಸಹಾಯವೂ ಬೇಕಾಗಲಿಲ್ಲ.

ಕೂಲಿಯ ಕಥೆಯೂ ಇದಕ್ಕೇ ಹೆಣೆದುಕೊಂಡಿದೆ. 1877ರ ಆರಂಭದಲ್ಲಿ ವೈಸರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದು ಆಣೆ ಸಾಕೆಂದ. ಕೂಲಿಗಳು ಕೆಲಸ ಬಿಟ್ಟು ಹೊರಟರು, ಪುಣೆಯ 'ಸಾರ್ವಜನಿಕ ಸಭೆ' ಎಂಬ ಸಂಘ ಅವರ ಪರ ಅರ್ಜಿ ಹಾಕಿತು. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಮಣ್ಣು ಹೊರುವ ಆಳಿಗೆ!

ಸರ್ಕಾರಿ ಪತ್ರದ ಲೆಕ್ಕದಲ್ಲಿ ಬರ ಶುರುವಾಗುವುದು ಕಾಮಗಾರಿ ಮಂಜೂರಾದ ದಿನದಿಂದ. ದೇಶಭಾಷೆಯ ಪತ್ರಿಕೆಗಳಲ್ಲಿ ಬಂದದ್ದನ್ನು ಅನುವಾದಕರು ವಾರವಾರ ಇಂಗ್ಲಿಷಿನಲ್ಲಿ ಸಂಗ್ರಹಿಸಿ ಕೊಡುತ್ತಿದ್ದ ವರದಿಗಳ ಲೆಕ್ಕವೇ ಬೇರೆ. ಅಲ್ಲಿ ಕಾಣುವ ದೂರು ಓದುಬರಹ ಬಲ್ಲ ಪೇಟೆಯವರದು, ಅವರಿಗೆ ಬರ ಎಂದರೆ ಅಂಗಡಿಯ ದರ. ಊರಿನ ನೆನಪಿನಲ್ಲಿ ಅದು ಧಾತು, ಈಶ್ವರ ಸಂವತ್ಸರಗಳ ಬರ. ಧಾತು 1876–77ಕ್ಕೆ ಬೀಳುತ್ತದೆ, ಆದರೆ ಅರವತ್ತು ವರ್ಷಕ್ಕೊಮ್ಮೆ ಹೆಸರು ತಿರುಗಿ ಬರುವುದರಿಂದ 1936–37 ಕೂಡ ಧಾತುವೇ. ಅಜ್ಜಿ ಹೇಳಿದ್ದು ಯಾವ ಧಾತು ಎಂದು ಅವಳ ವಯಸ್ಸು ಕೇಳದೆ ತೀರ್ಮಾನಿಸಬಾರದು.

ಇನ್ನು ನಾಕಾ. ಕಲಬುರಗಿ, ಯಾದಗಿರಿ, ವಿಜಯಪುರದ ಕೂಲಿಗಳು ಬೆಳಿಗ್ಗೆ ನಿಂತು, ಆಳು ಕರೆದೊಯ್ಯುವ ಮುಕಾದಮನ ದಾರಿ ಕಾಯುವ ಜಾಗ. 1876 ಯಾರಿಗೂ ನೆನಪಿರಲು ಸಾಧ್ಯವಿಲ್ಲ, ನಾನು ಕೇಳುತ್ತಿದ್ದದ್ದು 1972ರ ಬರದ ಬಗ್ಗೆ. "ಬರದಾಗ ಏನಾತು" ಎಂದರೆ "ಏನಾಗ್ತೈತಿ, ಭಾಳ ತ್ರಾಸ ಆತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಆಗ ಏನ ತಿಂದ್ರಿ" ಎಂದರೆ ಹುರಿದು ಕುಟ್ಟಿದ ಹುಣಸೆ ಬೀಜದಿಂದ ಹಿಡಿದು ರೇಷನ್ನಿನ ಕೆಂಪು ಮಿಲೋ ಜೋಳದವರೆಗೆ ಎಲ್ಲ ಹೊರಬರುತ್ತದೆ. ಮಾತಿಗೆ ಸಿಗುವವರು ಹತ್ತು ಗಂಟೆಯಾದರೂ ಕೆಲಸ ಸಿಗದೆ ಕೂತವರು. ಗಟ್ಟಿ ಆಳುಗಳು ಆಗಲೇ ಹೋಗಿರುತ್ತಾರೆ. ನನ್ನ ಟಿಪ್ಪಣಿಗಳಲ್ಲಿ ವಯಸ್ಸಾದವರ ದನಿಯೇ ಜಾಸ್ತಿ ಏಕೆ ಎಂಬುದಕ್ಕೆ ಇದೇ ಕಾರಣ. ಪ್ರಬಂಧದಲ್ಲಿ ಅದನ್ನು ಅಡಿಟಿಪ್ಪಣಿಗೆ ತಳ್ಳದೆ ಮೊದಲ ಪುಟದಲ್ಲೇ ಹೇಳಿದ್ದೇನೆ. ಮುಕಾದಮ ಅಲ್ಲಿರುವಾಗ ಫೋನಿನ ರೆಕಾರ್ಡರ್ ಹೊರತೆಗೆಯುವುದಿಲ್ಲ.

ಸಿಂದಗಿ ಕಡೆಯ ಒಬ್ಬ ಮುದುಕರನ್ನು ನನ್ನ ಅದೇ ಪ್ರಶ್ನೆ ಕೇಳಿದೆ. ಅವರು ಬೀಡಿ ಆರಿಸಿ ಹೇಳಿದರು: "ಮಳಿ ಹೋತಂದ್ರ ಬರ ಅನ್ನಂಗಿಲ್ಲ ಅಕ್ಕಾರ. ಮಂದಿ ದನ ಹೊಡಕೊಂಡು ಸಂತಿಗೆ ಹೊಂಟ್ರಂದ್ರ ಅದು ಬರ. ಕೊಳ್ಳಾವ್ರು ಇರಂಗಿಲ್ಲ, ಮಾರಾವ್ರೇ ಎಲ್ಲ."

ಅಲ್ಲಿಯವರೆಗೆ ನಾನು ಜೋಳದ ದರ ಮಾತ್ರ ಬರೆದುಕೊಳ್ಳುತ್ತಿದ್ದೆ. ಪತ್ರಾಗಾರಕ್ಕೆ ಮರಳಿ, ನೋಡಿದ್ದ ಸಂಪುಟಗಳನ್ನೇ ಮತ್ತೆ ತರಿಸಿ, ದನದ ಮಾತು ಬಂದಲ್ಲೆಲ್ಲ ಗುರುತು ಹಾಕಿದೆ. ಮೇವಿಲ್ಲ, ಎತ್ತು ಸಿಕ್ಕ ದರಕ್ಕೆ ಹೋಗುತ್ತಿದೆ ಎಂಬ ಸಾಲುಗಳು ಕಾಮಗಾರಿ ಮಂಜೂರಾಗುವುದಕ್ಕೂ ಹಿಂದಿನ ಪತ್ರಗಳಲ್ಲೇ ಇದ್ದವು. ಪಟ್ಟಿಗೆ ಹೊಸ ಕಾಲಂ ಬಂತು. ಅರ್ಥಶಾಸ್ತ್ರದ ಪರಿಚಿತರೊಬ್ಬರಿಗೆ ತೋರಿಸಿದೆ. ಧಾನ್ಯದ ದರ ಏರುತ್ತ ದನದ ದರ ಇಳಿಯುವುದು ಕ್ಷಾಮದ ಅಧ್ಯಯನದಲ್ಲಿ ಹಳೆಯ ಸೂಚಕವೇ ಎಂದರು. ಇರಲಿ, ನನಗೆ ಅದನ್ನು ಹೇಳಿಕೊಟ್ಟದ್ದು ನಾಕಾ.

ಎಕ್ಸೆಲ್‌ನ ಒಂದೇ ಹಾಳೆಯಲ್ಲಿ ವಾರಕ್ಕೊಂದು ಸಾಲು, ಮಳೆ, ಜೋಳ, ದನ, ಸರ್ಕಾರಿ ಆದೇಶ, ಪತ್ರಿಕೆ ಪಕ್ಕಪಕ್ಕ. ಇವುಗಳನ್ನು ಕೂಡಿಸಿ ಒಂದು ಸರಾಸರಿ ತಾರೀಖು ತೆಗೆಯಿರಿ ಎಂದು ಸೆಮಿನಾರಿನಲ್ಲಿ ಸಲಹೆ ಬಂತು. ನಾನು ಒಪ್ಪಲಿಲ್ಲ. ದನದ ಕಾಲಂಗೂ ಆದೇಶದ ಕಾಲಂಗೂ ನಡುವೆ ಇರುವ ಖಾಲಿ ಸಾಲುಗಳೇ ನನ್ನ ಪ್ರಬಂಧ.

ಈಗ ಉಳಿದಿರುವುದು ಮುಗಿದದ್ದು ಯಾವಾಗ ಎಂಬ ಜಗಳ. 1872ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 8.16 ಲಕ್ಷ, 1881ರಲ್ಲಿ ಸುಮಾರು 6.38 ಲಕ್ಷ. ಸತ್ತವರೆಷ್ಟು, ನಿಜಾಮರ ಸೀಮೆಗೋ ಇನ್ನೆಲ್ಲಿಗೋ ಗುಳೆ ಹೋದವರೆಷ್ಟು ಎಂದು ಆ ಅಂಕಿ ಹೇಳುವುದಿಲ್ಲ. 1877ರ ಕೊನೆಗೆ ಕಾಮಗಾರಿ ಮುಚ್ಚಿದರು, ಅಲ್ಲಿಗೆ ಅಧ್ಯಾಯ ಮುಗಿಸಿ ಎನ್ನುತ್ತಾರೆ ಮಾರ್ಗದರ್ಶಕರು. ಆದರೆ ಮಳೆ ಬಂದ ಮೇಲೂ ಜ್ವರ ಬಂತು, 1879ರಲ್ಲಿ ಇಲಿಗಳ ಹಿಂಡು ಬೆಳೆ ತಿಂದು ಹಾಕಿತು. ಇಲಿಗಳನ್ನು ಬಿಟ್ಟು ಅಧ್ಯಾಯ ಮುಗಿಸಲು ನಾನು ತಯಾರಿಲ್ಲ. ಮುಂದಿನ ಭೇಟಿಗೆ ಬೆಳಗಾವಿ, ಧಾರವಾಡದ ಗೆಜೆಟಿಯರ್‌ಗಳನ್ನೂ ಹೊತ್ತುಕೊಂಡು ಹೋಗುವವಳಿದ್ದೇನೆ.