ಬೇಸಿಗೆ ರಜೆಯಲ್ಲಿ ವಂಡರ್‌ಲಾಗೆ ಹೊರಟಿದ್ದೀರಾ?

ಬಿಡದಿ ಹತ್ತಿರದ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಏಪ್ರಿಲ್, ಮೇನಲ್ಲಿ ಹೋಗುವವರು ದಯವಿಟ್ಟು ಇದನ್ನು ಓದಿ. ಶನಿವಾರ, ಭಾನುವಾರ ಬೇಡವೇ ಬೇಡ. ಮಂಗಳವಾರ ಅಥವಾ ಬುಧವಾರ ಹೋಗಿ, ಸಾಲು ಎಷ್ಟೋ ಕಮ್ಮಿ ಇರುತ್ತದೆ. ವಾರದ ದಿನಕ್ಕೂ ರಜಾ ದಿನಕ್ಕೂ ಮುಚ್ಚುವ ಸಮಯ ಬೇರೆ ಇರಬಹುದು. ಹೊರಡುವ ಹಿಂದಿನ ದಿನ ಅವರ ವೆಬ್‌ಸೈಟ್ ನೋಡಿಕೊಳ್ಳಿ.

ಗೇಟು ತೆಗೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಿ. ಒಳಗೆ ಹೋದ ತಕ್ಷಣ ರೀಕಾಯಿಲ್‌ನಂಥ ದೊಡ್ಡ ರೈಡ್ ಹತ್ತಿಬಿಡಿ, ಮಧ್ಯಾಹ್ನ ಅದಕ್ಕೇ ಜಾಸ್ತಿ ಕಾಯಬೇಕು. ಬಿಸಿಲು ಏರಿದಾಗ ನೀರಿಗೆ ಇಳಿಯಿರಿ. ಆದರೆ ನೀರಿನ ಆಟಗಳನ್ನು ಸಂಜೆಗೆ ಉಳಿಸಿಕೊಳ್ಳಬೇಡಿ. ಪಾರ್ಕ್ ಮುಚ್ಚುವ ಹೊತ್ತಿಗಿಂತ ಮೊದಲೇ ಅವು ನಿಂತುಬಿಡುತ್ತವೆ. ಕಳೆದ ವರ್ಷ ಬೇರೊಂದು ಪಾರ್ಕಿನಲ್ಲಿ ನನ್ನ ಮಗಳು ಇದೇ ಕಾರಣಕ್ಕೆ ಅಳುತ್ತಾ ಹೊರಬಂದಳು, ಪಾಪ.

ಹತ್ತಿ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ. ನೈಲಾನ್ ಬಟ್ಟೆ ಮನೆಯಿಂದಲೇ ತನ್ನಿ. ಮಕ್ಕಳ ಎತ್ತರವನ್ನೂ ಅಳೆದುಕೊಂಡು ಹೋಗಿ. ಅಷ್ಟು ಹೊತ್ತು ಕಾದು, ಕೊನೆಗೆ ಎತ್ತರ ಸಾಲದು ಅಂತ ವಾಪಸ್ ಕಳಿಸಿದರೆ ಮಗುವಿಗೆ ತುಂಬಾ ಬೇಜಾರಾಗುತ್ತದೆ ಅಲ್ವಾ? ವಯಸ್ಸಾದವರು ಜೊತೆಗಿದ್ದರೆ ಟೋಪಿ, ಓಆರ್‌ಎಸ್ ಮರೆಯಬೇಡಿ.